ನಂಬರ್ ಪ್ಲೇಟಿನ ಬರಕತ್ತು
(ಭಾತಂಬ್ರಾದ ಮಸೀದಿಯಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬ ಹಾಗೂ ಸಂಗಾತಿಗಳ ಮೇಲೂ ಶಾಂತಿ ಇರಲಿ.

ಆದರಣೀಯ ಸಹೋದರರೇ, ಕಳೆದ ವಾರ ಇಶಾ ನಮಾಜಿನ ನಂತರ ನಮ್ಮ ಮೊಹಲ್ಲಾದ ಒಬ್ಬ ಯುವಕ ಬಂದು ಪಕ್ಕದಲ್ಲಿ ಕುಳಿತ. ಹೈದರಾಬಾದಿನಲ್ಲಿ ದುಡಿಯುತ್ತಾನೆ, ಹೊಸ ಕಾರು ಕೊಂಡಿದ್ದಾನೆ. "ಹಜರತ್, ಗಾಡಿಗೆ 786 ನಂಬರ್ ಬೇಕಾಗ್ಯದ. ಹರಾಜಿನಾಗ ಒಂದೂವರಿ ಲಕ್ಷದ ತನಕ ಹೋಗಬೇಕಂತ ಮಾಡೀನಿ. ದುಬೈದಾಗ ನಂಬರ್ ಮಾರಿದ ರೊಕ್ಕ ಬಡವರ ಊಟಕ್ಕ ಹೋಗ್ತದಂತ. ನಂದೂ ಖೈರಾತ್ ಆಗ್ತದಲ್ರಿ?" ಎಂದು ಕೇಳಿದ. ಈ ಪ್ರಶ್ನೆ ಅವನೊಬ್ಬನದಲ್ಲ. ಆದ್ದರಿಂದ ಎಲ್ಲರ ಮುಂದೆ ಉತ್ತರಿಸುತ್ತಿದ್ದೇವೆ.

ಅವನು ಕೇಳಿದ್ದು ಸುಳ್ಳಲ್ಲ. 2023ರ ರಮಝಾನಿನಲ್ಲಿ ದುಬೈಯಲ್ಲಿ ನಡೆದ ಹರಾಜಿನಲ್ಲಿ 'ಪಿ 7' ಎಂಬ ಒಂದು ನಂಬರ್ 5 ಕೋಟಿ 50 ಲಕ್ಷ ದಿರ್ಹಮಿಗೆ ಹೋಯಿತು. ನಮ್ಮ ಲೆಕ್ಕದಲ್ಲಿ 120 ಕೋಟಿ ರೂಪಾಯಿಗೂ ಹೆಚ್ಚು. ಹಸಿದವರಿಗೆ ನೂರು ಕೋಟಿ ಊಟ ಒದಗಿಸುವ ವಕ್ಫ್ ನಿಧಿಗೆ ಆ ಹಣ ಸೇರಿತು. ಅಮೆರಿಕದ ರಾಜ್ಯಗಳಲ್ಲೂ ಇಂಥ ಪದ್ಧತಿ ಇದೆ. ಚಾಲೆಂಜರ್ ಗಗನನೌಕೆಯಲ್ಲಿ 7 ಜನ ಸತ್ತ ಮರುವರ್ಷ, 1987ರಲ್ಲಿ, ಫ್ಲೋರಿಡಾ ರಾಜ್ಯ ಅವರ ನೆನಪಿಗೆ ವಿಶೇಷ ಪ್ಲೇಟ್ ತಂದಿತು. ಅಲ್ಲಿ ಇಂಥ ಪ್ಲೇಟ್ ಬೇಕೆನ್ನುವವರು ಹೆಚ್ಚಿನ ಶುಲ್ಕ ಕಟ್ಟುತ್ತಾರೆ, ಆ ಹೆಚ್ಚಿನ ಹಣ ನಿಗದಿತ ಸತ್ಕಾರ್ಯಕ್ಕೆ ಹೋಗುತ್ತದೆ.

ನಮ್ಮಲ್ಲಿ ಹಾಗಿಲ್ಲ. ಭಾಲ್ಕಿಯ ಕೆಎ-39 ಇರಲಿ, ಬೀದರಿನ ಕೆಎ-38 ಇರಲಿ, ಫ್ಯಾನ್ಸಿ ನಂಬರಿಗೆ ಕಟ್ಟುವ ಹಣ ಸರ್ಕಾರದ ಖಜಾನೆಗೆ ಹೋಗುತ್ತದೆ. ಅದು ನಂಬರಿನ ಬೆಲೆ. ಅಂಗಡಿಯಲ್ಲಿ ರೊಕ್ಕ ಕೊಟ್ಟು ಸಾಮಾನು ತಂದಂತೆ. ಅದರಲ್ಲಿ ತಪ್ಪಿಲ್ಲ, ಆದರೆ ಅದು ಸದಕಾ ಅಲ್ಲ. ಝಕಾತ್ ಅಂತೂ ಅಲ್ಲವೇ ಅಲ್ಲ. ಝಕಾತಿಗೆ ಹಕ್ಕುಳ್ಳ ಎಂಟು ವರ್ಗದವರನ್ನು ಅಲ್ಲಾಹನು ಅತ್ತೌಬಾ ಅಧ್ಯಾಯದ 60ನೇ ವಚನದಲ್ಲಿ ತಾನೇ ಹೇಳಿದ್ದಾನೆ. ಅದರಲ್ಲಿ ಆರ್‌ಟಿಓ ಕಚೇರಿ ಇಲ್ಲ.

ಹಾಗೆಂದು ದುಬೈಯವರನ್ನು ಆಡಿಕೊಳ್ಳುವುದೂ ಬೇಡ. ಅಲ್‌ಬಕರಾದ 271ನೇ ವಚನ ಬಹಿರಂಗ ದಾನವನ್ನೂ ಒಳ್ಳೆಯದೆಂದೇ ಹೇಳುತ್ತದೆ, ಗುಟ್ಟಾಗಿ ಬಡವರಿಗೆ ಮುಟ್ಟಿಸುವುದು ಇನ್ನೂ ಉತ್ತಮ ಎನ್ನುತ್ತದೆ. ಕೊಟ್ಟವನ ಮನಸ್ಸಿನಲ್ಲಿ ಏನಿತ್ತೆಂಬುದು ಅಲ್ಲಾಹನಿಗೆ ಗೊತ್ತು. ನಾವು ನಮ್ಮ ನಿಯ್ಯತ್ ನೋಡಿಕೊಳ್ಳೋಣ.

ಇನ್ನು 786ರ ಮಾತು. ಅರಬಿಯಲ್ಲಿ ಒಂದೊಂದು ಅಕ್ಷರಕ್ಕೂ ಒಂದೊಂದು ಬೆಲೆ ಇಡುವ ಲೆಕ್ಕವಿದೆ, ಅದಕ್ಕೆ ಅಬ್ಜದ್ ಎನ್ನುತ್ತಾರೆ. ಬಿಸ್ಮಿಲ್ಲಾದ ಅಕ್ಷರಗಳನ್ನು ಆ ಲೆಕ್ಕದಲ್ಲಿ ಕೂಡಿದರೆ 786 ಬರುತ್ತದೆ. ಪತ್ರದಲ್ಲಿ ಬರೆದ ಅಲ್ಲಾಹನ ನಾಮ ಕಾಲಡಿ ಬೀಳಬಾರದೆಂಬ ಅದಬಿನಿಂದ ಎಷ್ಟೋ ಹಿರಿಯರು ಈ ಸಂಖ್ಯೆ ಬರೆಯುತ್ತಿದ್ದರು. ಆದರೆ ಆ ಸಂಖ್ಯೆಯಲ್ಲೇ ಬರಕತ್ ಇದೆಯೆಂದು ಕುರ್‌ಆನಿನಲ್ಲಾಗಲಿ ಹದೀಸಿನಲ್ಲಾಗಲಿ ಇಲ್ಲ. ನಾವು ಹೊಸದಾಗಿ ಇಮಾಮತ್ ವಹಿಸಿಕೊಂಡಾಗ ನಮ್ಮ ಬೈಕಿನ ಮುಂದೆಯೂ 786 ಸ್ಟಿಕರ್ ಇತ್ತು. ಗಾಡಿ ಏರುವಾಗ ಬಾಯಿಂದ ಬಿಸ್ಮಿಲ್ಲಾ ಹೇಳುವುದನ್ನು ಮಾತ್ರ ಎಷ್ಟೋ ದಿನ ಮರೆತಿದ್ದೇವೆ. ಹೇಳುವ ಕೆಲಸವನ್ನು ಸ್ಟಿಕರಿಗೆ ಬಿಟ್ಟಿದ್ದೆವು. ಅಲ್ಲಾಹನು ಕ್ಷಮಿಸಲಿ.

ಇದೇ ಅಬ್ಜದ್ ಲೆಕ್ಕದ ಇನ್ನೊಂದು ಸಂಖ್ಯೆ ನಮ್ಮ ಬೀದರಿನಲ್ಲೇ ಇದೆ. ಬಹಮನಿ ವಜೀರ ಖ್ವಾಜಾ ಮಹಮೂದ್ ಗವಾನರ ಮದ್ರಸಾವನ್ನು ನೀವೆಲ್ಲ ನೋಡಿದ್ದೀರಿ. ಅದು ಪೂರ್ತಿಯಾದದ್ದು ಹಿಜರಿ 876ರಲ್ಲಿ, ಅಂದರೆ 1472ರ ಹೊತ್ತಿಗೆ. ಆ ವರ್ಷವನ್ನು ಅಂದಿನ ಕವಿಯೊಬ್ಬರು ಪ್ರವಾದಿ ಇಬ್ರಾಹೀಮ್(ಅ)ರ ಪ್ರಾರ್ಥನೆಯ ಮೂರು ಪದಗಳಲ್ಲಿ ಕಂಡರು. ಕಾಬಾದ ಗೋಡೆ ಎತ್ತುವಾಗ, ತಮ್ಮ ಸೇವೆಯನ್ನು ಸ್ವೀಕರಿಸೆಂದು ಅವರು ಒಡೆಯನನ್ನು ಬೇಡಿದ ಪದಗಳವು. ಅವುಗಳ ಅಕ್ಷರ ಕೂಡಿದರೆ ಸರಿಯಾಗಿ 876.

ಸಹೋದರರೇ, 786 ಮತ್ತು 876. ಅವೇ ಮೂರು ಅಂಕಿಗಳು, ಜಾಗ ಮಾತ್ರ ಬೇರೆ. ಒಂದನ್ನು ನಾವು ರೊಕ್ಕ ಕೊಟ್ಟು ಗಾಡಿಯ ಮುಂದೆ ಕಟ್ಟಿಕೊಳ್ಳುತ್ತೇವೆ. ಇನ್ನೊಂದರಲ್ಲಿ, ಕೆಲಸ ಮುಗಿದ ಮೇಲೂ, ಅದು ಕಬೂಲ್ ಆಗುತ್ತದೋ ಇಲ್ಲವೋ ಎಂಬ ಅಂಜಿಕೆ ಇದೆ. ಗವಾನರು 1481ರಲ್ಲಿ ಸುಳ್ಳು ಆರೋಪಕ್ಕೆ ಬಲಿಯಾದರು. ಕಟ್ಟಡ ಅರ್ಧ ಮುರಿದಿದ್ದರೂ ಅಲ್ಲಿ ಓದಿದವರ ಇಲ್ಮಿನ ಸವಾಬು ಅವರಿಗೆ ಮುಟ್ಟುತ್ತಿರುವುದೆಂದು ನಾವು ಆಶಿಸುತ್ತೇವೆ.

ಆ ಯುವಕನಿಗೆ ಹರಾಮ್ ಎಂದು ನಾವು ಹೇಳಲಿಲ್ಲ. ಹರಾಜಿಗೆ ಹೋಗುವ ಮುಂಚೆ ನಾಲ್ಕು ಲೆಕ್ಕ ನೋಡಿಕೋ ಎಂದೆವು. ಈ ವರ್ಷದ ಝಕಾತ್ ಕೊಟ್ಟೆಯಾ? ಯಾರದಾದರೂ ಸಾಲ ಬಾಕಿ ಇದೆಯಾ? ವಿಧವೆ ಸೋದರತ್ತೆಯ ಮನೆಯಲ್ಲಿ ಈ ತಿಂಗಳ ರೇಷನ್ ಇದೆಯಾ? ನಮ್ಮ ಗಲ್ಲಿಯಲ್ಲಿ ಒಬ್ಬ ಹೆಣ್ಣುಮಗಳು ಫೀ ಕಟ್ಟಲಾಗದೆ ಓದು ಬಿಡುವ ಹಂತದಲ್ಲಿದ್ದಾಳೆ, ಗೊತ್ತಾ? ಈ ನಾಲ್ಕರ ನಂತರ ಉಳಿದದ್ದರಲ್ಲಿ, ದೊಡ್ಡಸ್ತಿಕೆ ಇಲ್ಲದೆ, ದುಂದುಗಾರಿಕೆ ಇಲ್ಲದೆ, ನಂಬರ್ ತಗೋ. ಗಾಡಿಯಲ್ಲಿ ಬರಕತ್ ಬೇಕೆಂದರೆ ಅರ್ಧರಾತ್ರಿ ಹೆರಿಗೆ ನೋವು ಬಂದವಳನ್ನು ಭಾಲ್ಕಿಯ ಆಸ್ಪತ್ರೆಗೆ ಮುಟ್ಟಿಸು, ಅವಳು ಯಾವ ಜಾತಿ, ಯಾವ ಧರ್ಮ ಎಂದು ಕೇಳಬೇಡ. ಆಗ ಯಾವ ನಂಬರ್ ಇದ್ದರೂ ಆ ಗಾಡಿ ಸದಕಾ ಮಾಡುತ್ತದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೋಡ್ತೀನ್ರಿ ಹಜರತ್" ಎಂದು ಎದ್ದು ಹೋದ. ಏನು ಮಾಡಿದ ಎಂದು ನಾವು ಕೇಳಿಲ್ಲ, ಕೇಳುವುದೂ ಇಲ್ಲ. ನೀವೂ ಕೇಳಬೇಡಿ. ಮನೆಗೆ ಹೋಗಿ ಆ ನಾಲ್ಕು ಲೆಕ್ಕ ನಾವೂ ನೀವೂ ನಮ್ಮದು ನಮ್ಮದು ನೋಡಿಕೊಳ್ಳೋಣ.

ಅಲ್ಲಾಹನು ನಮ್ಮ ಸಂಪಾದನೆಯನ್ನು ಹಲಾಲ್ ಆಗಿಸಲಿ, ನಮ್ಮ ನಿಯ್ಯತ್ತನ್ನು ಶುದ್ಧಗೊಳಿಸಲಿ, ನಾವು ಕೊಟ್ಟ ಅಲ್ಪವನ್ನು ಸ್ವೀಕರಿಸಲಿ. ಆಮೀನ್.