‘ನಾವು ಕೇಳಿದೆವು’ ಎಂದ ಪತ್ರಿಕೆಗಳು



ಇಂಗ್ಲಿಷಿನಲ್ಲಿ ‘ಹಿಯರ್’ ಎಂಬ ಕ್ರಿಯಾಪದವಿದೆ. ಕೇಳು ಎಂದು ಅದರ ಅರ್ಥ. ಶಾಲೆಯ ಮಕ್ಕಳಿಗೂ ಗೊತ್ತಿರುವ ಸಣ್ಣ ಮಾತು. ಆದರೆ ಹದಿನೆಂಟನೆಯ ಶತಮಾನದ ಲಂಡನ್ ಮತ್ತು ಬಾಸ್ಟನ್ ಪತ್ರಿಕೆಗಳಲ್ಲಿ ಈ ಸಣ್ಣ ಮಾತಿಗೆ ದೊಡ್ಡ ಕೆಲಸವಿತ್ತು. ಎಷ್ಟೋ ಸುದ್ದಿಗಳು ‘ವಿ ಹಿಯರ್’, ಅಂದರೆ ‘ನಾವು ಕೇಳಿದ್ದೇನೆಂದರೆ’ ಎಂದೇ ಆರಂಭವಾಗುತ್ತಿದ್ದವು. ಪರದೇಶದ ಸುದ್ದಿಯಾದರೆ ‘ಇಂಥ ಊರಿನಿಂದ ಬರೆಯುತ್ತಾರೆ’ ಎಂದು ಸೇರಿಸುತ್ತಿದ್ದರು.

ಇದಕ್ಕೆ ಕಾರಣವಿತ್ತು. ಆಗಿನ ಪತ್ರಿಕೆಗಳಿಗೆ ಇಂದಿನ ಹಾಗೆ ಊರೂರಿಗೆ ವರದಿಗಾರರು ಇರಲಿಲ್ಲ. ಅನೇಕ ಕಡೆ ಮುದ್ರಕನೇ ಸಂಪಾದಕ. ಬಂದರಿಗೆ ಬಂದ ಹಡಗಿನ ನಾಯಕ, ಸ್ನೇಹಿತರ ಕಾಗದ, ಕಾಫಿ ಅಂಗಡಿಯ ಹರಟೆ, ಬೇರೆ ಊರಿನ ಪತ್ರಿಕೆ: ಇವೇ ಅವನ ಸುದ್ದಿಮೂಲಗಳು. ಸುದ್ದಿ ನಡೆಯುತ್ತಿದ್ದ ವೇಗಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಬ್ರಿಟನ್ ಮತ್ತು ಅಮೆರಿಕ 1814ರ ಡಿಸೆಂಬರ್ 24ರಂದು ಯುರೋಪಿನ ಘೆಂಟ್ ನಗರದಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದವು. ಆ ವಾರ್ತೆ ಇನ್ನೂ ಕಡಲ ಮೇಲಿದ್ದಾಗಲೇ, 1815ರ ಜನವರಿ 8ರಂದು, ನ್ಯೂ ಆರ್ಲಿಯನ್ಸಿನಲ್ಲಿ ಎರಡು ಸೈನ್ಯಗಳೂ ಕಾದಾಡಿದವು. ಅಂಥ ಕಾಲದಲ್ಲಿ ‘ಕೇಳಿದೆವು’ ಎನ್ನುವುದು ಪ್ರಾಮಾಣಿಕ ಮಾತು. ‘ನಾನು ಕಂಡಿಲ್ಲ, ಕಿವಿಗೆ ಬಿದ್ದದ್ದನ್ನು ದಾಟಿಸುತ್ತಿದ್ದೇನೆ, ನೀವೇ ತೂಗಿ ನೋಡಿ’ ಎಂಬ ಸೂಚನೆ ಅದರಲ್ಲಿತ್ತು.

1702ರಲ್ಲಿ ಎಲಿಜಬೆತ್ ಮ್ಯಾಲೆಟ್ ಎಂಬ ಮಹಿಳೆ ಲಂಡನ್ನಿನಲ್ಲಿ ‘ಡೈಲಿ ಕೂರಾಂಟ್’ ಎಂಬ ದಿನಪತ್ರಿಕೆ ಹೊರಡಿಸಿದರು. ಪರದೇಶದ ಸುದ್ದಿಯನ್ನು ಯಾವ ಪತ್ರಿಕೆಯಿಂದ ತೆಗೆದುಕೊಂಡಿದ್ದೇವೆಂದು ತಿಳಿಸುತ್ತೇವೆ, ಸ್ವಂತ ಟೀಕೆ ಸೇರಿಸುವುದಿಲ್ಲ, ವಿಚಾರ ಮಾಡುವಷ್ಟು ಬುದ್ಧಿ ಓದುಗರಿಗಿದೆ ಎಂಬುದು ಆ ಪತ್ರಿಕೆಯ ನಿಲುವಾಗಿತ್ತು.

ಆದರೆ ಇದೇ ಕ್ರಿಯಾಪದ ಮುಸುಕೂ ಆಗಬಲ್ಲದು. ಯಾರಿಂದ ಕೇಳಿದೆವೆಂದು ಹೇಳದೆ ಬರೀ ‘ಕೇಳಿದೆವು’ ಎಂದರೆ ಯಾವ ಗಾಳಿಮಾತನ್ನೂ ಅಚ್ಚು ಹಾಕಬಹುದು. ಇಂದು ನಮ್ಮ ಪತ್ರಿಕೆಗಳಲ್ಲಿ ಬರುವ ‘ತಿಳಿದುಬಂದಿದೆ’, ‘ಹೇಳಲಾಗುತ್ತಿದೆ’ ಎಂಬ ಮಾತುಗಳಿಗೂ ಈ ಎರಡು ಮುಖಗಳಿವೆ.

ಬಂಧುಗಳೇ, ಇಂಗ್ಲಿಷಿನವರಿಗೆ ಇದಕ್ಕಾಗಿ ಬೇರೆ ಕ್ರಿಯಾಪದ ಬೇಕಾಯಿತು. ನಮಗೆ ಒಂದು ಪ್ರತ್ಯಯವೇ ಸಾಕು. ‘ಬಂದನು’ ಎಂದರೆ ನಾನು ಬಲ್ಲೆ. ‘ಬಂದನಂತೆ’ ಎಂದರೆ ಯಾರೋ ಹೇಳಿದರು. ಗಡಿಯಲ್ಲಿರುವ ನಿಮಗೆ ಇದು ಎರಡೆರಡು ಭಾಷೆಗಳಲ್ಲಿ ಗೊತ್ತು. ಹೊಸೂರಿನ ನೆರೆಯವರು ತಮಿಳಿನಲ್ಲಿ ‘ವಂದಾನಾಂ’ ಎನ್ನುತ್ತಾರೆ. ರಾಯದುರ್ಗದಲ್ಲಿ ತೆಲುಗಿನವರು ‘ವಚ್ಚಾಡಟ’ ಎನ್ನುತ್ತಾರೆ. ಕಾಸರಗೋಡಿನ ಮಲಯಾಳಿಗೆ ‘ವನ್ನುವತ್ರೆ’, ಸೊಲ್ಲಾಪುರದ ಮರಾಠಿಗೆ ‘ಆಲಾ ಮ್ಹಣೇ’. ಕೇಳಿದ್ದು ಬೇರೆ, ಕಂಡದ್ದು ಬೇರೆ ಎಂಬ ವಿವೇಕವನ್ನು ಈ ಐದೂ ಭಾಷೆಗಳು ಹೀಗೆ ಕಾಪಾಡಿಕೊಂಡಿವೆ.

ಈ ‘ಅಂತೆ’ ಉದುರಿದರೆ ಏನಾಗುತ್ತದೆ? 2018ರಲ್ಲಿ ‘ಮಕ್ಕಳ ಕಳ್ಳರು ಬಂದಿದ್ದಾರೆ’ ಎಂಬ ವದಂತಿ ಮೊಬೈಲಿನಿಂದ ಮೊಬೈಲಿಗೆ ಹರಿಯಿತು. ‘ಬಂದಿದ್ದಾರಂತೆ’ ಎಂಬ ಅನುಮಾನಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನಪಾಡಾದಲ್ಲಿ ಐವರು ಅಲೆಮಾರಿಗಳನ್ನು ಜನ ಹೊಡೆದು ಕೊಂದರು. ಸತ್ತವರಲ್ಲಿ ನಮ್ಮ ಗಡಿಯಾಚೆಯ ಸೊಲ್ಲಾಪುರ ಜಿಲ್ಲೆಯವರೂ ಇದ್ದರು. ಅದೇ ತಿಂಗಳು 13ರಂದು ಬೀದರ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬ ಹಾಗೆಯೇ ಪ್ರಾಣ ಕಳೆದುಕೊಂಡ. ಅವರ್ಯಾರೂ ಮಕ್ಕಳ ಕಳ್ಳರಾಗಿರಲಿಲ್ಲ.

ಆದ್ದರಿಂದ ನಿಮ್ಮಲ್ಲಿ ಒಂದು ವಿನಂತಿ. ಚಹದಂಗಡಿಯಲ್ಲಾಗಲಿ, ಸಂತೆಯಲ್ಲಾಗಲಿ, ಮೊಬೈಲಿನಲ್ಲಾಗಲಿ, ಕೇಳಿದ ಸುದ್ದಿಯನ್ನು ದಾಟಿಸುವಾಗ ‘ಅಂತೆ’ಯನ್ನು ಬಿಡಬೇಡಿ. ಇನ್ನೊಬ್ಬರು ‘ಅಂತೆ’ ಎಂದಾಗ ‘ಯಾರಂದರು? ಅವರು ಕಣ್ಣಾರೆ ಕಂಡರೇ?’ ಎಂದು ಕೇಳಿ. ಹಾಗೆ ಕೇಳುವುದರಲ್ಲಿ ಅವಮರ್ಯಾದೆ ಏನೂ ಇಲ್ಲ. ಉತ್ತರ ಸಿಗದಿದ್ದರೆ ಆ ಸುದ್ದಿ ನಿಮ್ಮಲ್ಲಿಗೇ ನಿಲ್ಲಲಿ.