ಕ್ಯಾಮೆರಾದೊಳಗಿನ ಕನ್ನಡಿ

ಕನ್ನಡಿಗೆ ಧೂಳು ಹಿಡಿದರೆ ಒರೆಸುವುದು ಎಲ್ಲ ಮನೆಗಳ ರೂಢಿ. ಬಾಯಿಂದ ಹಬೆ ಊದಿ, ಸೆರಗಿನ ತುದಿಯಿಂದಲೋ ಪಂಚೆಯ ಅಂಚಿನಿಂದಲೋ ನಾಲ್ಕು ಸಲ ತಿಕ್ಕಿದರೆ ಮುಖ ಸ್ಪಷ್ಟವಾಗಿ ಕಾಣುತ್ತದೆ. ಇದೇ ರೂಢಿಯ ಕೈ ಕ್ಯಾಮೆರಾದೊಳಗಿನ ಕನ್ನಡಿಯ ಮೇಲೆ ಬಿದ್ದಾಗ ಮಾತ್ರ ಅನಾಹುತವಾಗುತ್ತದೆ. ಧೂಳು ಹೋಗುತ್ತದೆ, ಅದರ ಜೊತೆಗೆ ಕನ್ನಡಿಯೂ ಹೋಗುತ್ತದೆ.

ಈ ಸಭೆಯಲ್ಲಿರುವ ಕೆಲವರ ಮನೆಯ ಬೀರುವಿನಲ್ಲಾದರೂ ಒಂದು ಡಿಎಸ್‌ಎಲ್‌ಆರ್ ಕ್ಯಾಮೆರಾ ಇರಬಹುದು. ಲೆನ್ಸಿನ ಹಿಂದೆ ಓರೆಯಾಗಿ ನಿಂತ ಕನ್ನಡಿಯುಳ್ಳ ಡಿಜಿಟಲ್ ಕ್ಯಾಮೆರಾ ಅದು. ಈಗ ತಯಾರಕರಲ್ಲಿ ಹೆಚ್ಚಿನವರು ಕನ್ನಡಿಯಿಲ್ಲದ ಕ್ಯಾಮೆರಾಗಳ ಕಡೆಗೆ ಹೊರಳಿದ್ದಾರೆ. ಹಾಗಾಗಿ ಹಳೆಯವು ಸೆಕೆಂಡ್ ಹ್ಯಾಂಡ್ ಬೆಲೆಗೆ ಕೈಬದಲಾಗಿ, ಛಾಯಾಗ್ರಹಣ ಕಲಿಯುವ ಹುಡುಗ ಹುಡುಗಿಯರಿಗೆ ಸಿಗುತ್ತಿವೆ. ಕೊಂಡವರು ಮೊದಲು ಕಣ್ಣಿಟ್ಟು ನೋಡುವುದು ವ್ಯೂಫೈಂಡರಿನಲ್ಲಿ. ಅಲ್ಲಿ ನಾಲ್ಕು ಕಪ್ಪು ಚುಕ್ಕೆ ಕಂಡರೆ ಎದೆ ಧಸಕ್ಕೆನ್ನುತ್ತದೆ. ಲೆನ್ಸ್ ಕಳಚಿ ಬಟ್ಟೆ ಹಿಡಿಯುವುದು ಆಗಲೇ. ಆ ಬಟ್ಟೆ ಎತ್ತುವ ಮೊದಲು ಕನ್ನಡಿ ಅಲ್ಲಿಗೆ ಏಕೆ ಬಂತು, ಅದರ ಕೆಲಸವೇನು ಎಂಬುದನ್ನು ತಿಳಿಯುವುದು ಒಳ್ಳೆಯದು.

ಆ ಕನ್ನಡಿ ಫೋಟೋಗ್ರಫಿಗಿಂತ ಹಳೆಯದು. 1685ರಲ್ಲಿ ಜರ್ಮನಿಯ ಯೋಹಾನ್ ಜಾನ್ ಎಂಬ ಪಾದ್ರಿ ತನ್ನ ಗ್ರಂಥದಲ್ಲಿ ಒಂದು ಪೆಟ್ಟಿಗೆಯ ಚಿತ್ರ ಕೊಟ್ಟಿದ್ದಾನೆ. ಮುಂದೆ ಲೆನ್ಸ್, ಒಳಗೆ ಓರೆಯಾದ ಕನ್ನಡಿ, ಮೇಲೆ ಮಸುಕು ಗಾಜು. ಲೆನ್ಸಿನಿಂದ ಬಂದ ಬಿಂಬವನ್ನು ಕನ್ನಡಿ ಮೇಲಕ್ಕೆ ಎಸೆಯುತ್ತಿತ್ತು. ಅಂಥ ಗಾಜಿನ ಮೇಲೆ ಕಾಗದ ಹಾಸಿ ಬಿಂಬದ ಗೆರೆಗಳನ್ನು ತಿದ್ದಿಕೊಳ್ಳಬಹುದಿತ್ತು. ಇದೇ ಏರ್ಪಾಟನ್ನು ಫೋಟೋ ಕ್ಯಾಮೆರಾಕ್ಕೆ ತಂದು 1861ರಲ್ಲಿ ಪೇಟೆಂಟ್ ಪಡೆದವನು ಇಂಗ್ಲೆಂಡಿನ ಥಾಮಸ್ ಸಟನ್. 1936ರಲ್ಲಿ ಡ್ರೆಸ್ಡೆನ್ ನಗರದ ಎಕ್ಸಾಕ್ಟಾ ಅದನ್ನು 35 ಮಿಲಿಮೀಟರ್ ಫಿಲ್ಮಿನ ಪುಟ್ಟ ಕ್ಯಾಮೆರಾಕ್ಕೆ ಇಳಿಸಿತು.

ಆದರೆ ಆಗಿನ್ನೂ ಎರಡು ತೊಡಕುಗಳಿದ್ದವು. ಬಿಂಬದ ಎಡ ಬಲ ಅದಲುಬದಲಾಗಿ ಕಾಣುತ್ತಿತ್ತು. ಚಿತ್ರ ತೆಗೆದ ಮೇಲೆ ಕನ್ನಡಿ ಮೇಲೆಯೇ ಉಳಿದು ವ್ಯೂಫೈಂಡರ್ ಕತ್ತಲಾಗುತ್ತಿತ್ತು. 1949ರ ಕಾಂಟ್ಯಾಕ್ಸ್ ಎಸ್ ಕ್ಯಾಮೆರಾ ಐದು ಮುಖದ ಗಾಜಿನ ಪಟ್ಟಕವನ್ನು ತಲೆಯ ಮೇಲಿಟ್ಟುಕೊಂಡು ಮೊದಲನೆಯ ತೊಡಕನ್ನು ಕಳೆಯಿತು. ಜಪಾನಿನ ಅಸಾಹಿ ಕಂಪನಿ 1954ರಲ್ಲಿ ತಂದ ಕ್ಯಾಮೆರಾದಲ್ಲಿ ಕನ್ನಡಿ ಚಿತ್ರ ತೆಗೆದ ಕ್ಷಣವೇ ಸ್ವಸ್ಥಾನಕ್ಕೆ ಮರಳುತ್ತಿತ್ತು. 1959ರ ನಿಕಾನ್ ಎಫ್ ಇವೆಲ್ಲವನ್ನೂ ಒಂದುಗೂಡಿಸಿ ಜಗತ್ತಿನ ಪತ್ರಿಕಾ ಛಾಯಾಗ್ರಾಹಕರ ಕೈ ಸೇರಿತು. 1991ರಲ್ಲಿ ಕೊಡಾಕ್ ಡಿಜಿಟಲ್ ಕ್ಯಾಮೆರಾ ಮಾರಾಟಕ್ಕೆ ತಂದಾಗಲೂ ಅದು ನಿಕಾನ್ ಎಫ್3 ಕ್ಯಾಮೆರಾದ ಮೈಯನ್ನೇ ಬಳಸಿಕೊಂಡಿತು. ಫಿಲ್ಮ್ ಹೋಗಿ ಸೆನ್ಸರ್ ಬಂತು, ಕನ್ನಡಿ ಇದ್ದಲ್ಲೇ ಇತ್ತು.

ಈ ಕನ್ನಡಿ ದುಡಿಯುವುದು ಕಣ್ಣಿಗಾಗಿ. ಬಿಂಬವನ್ನು ಮೇಲಿನ ಮಸುಕು ಪರದೆಗೆ ಕಳಿಸುತ್ತದೆ, ಅಲ್ಲಿಂದ ಪಟ್ಟಕದ ಮೂಲಕ ಅದು ಕಣ್ಣಿಗೆ ಬರುತ್ತದೆ. ತಾನಾಗಿ ಫೋಕಸ್ ಮಾಡುವ ಕ್ಯಾಮೆರಾಗಳಲ್ಲಿ ಕನ್ನಡಿಯ ನಡುಭಾಗ ಅರೆಪಾರದರ್ಶಕ. ಅದನ್ನು ಹಾಯ್ದ ಬೆಳಕನ್ನು ಹಿಂದಿರುವ ಇನ್ನೊಂದು ಪುಟ್ಟ ಕನ್ನಡಿ ಕೆಳಗಿನ ಫೋಕಸ್ ಸಾಧನಕ್ಕೆ ತಿರುಗಿಸುತ್ತದೆ. ಗುಂಡಿ ಒತ್ತಿದಾಗ ಎರಡೂ ಕನ್ನಡಿಗಳು ದಾರಿಬಿಟ್ಟು ಮೇಲೇಳುತ್ತವೆ, ಬೆಳಕು ನೇರವಾಗಿ ಸೆನ್ಸರಿಗೆ ಬೀಳುತ್ತದೆ. ಎಂದರೆ ಚಿತ್ರ ಮೂಡುವ ಹೊತ್ತಿಗೆ ಕನ್ನಡಿ ದಾರಿಯಲ್ಲೇ ಇರುವುದಿಲ್ಲ. ಅದರ ಮೇಲಿನ ಧೂಳು ಚಿತ್ರದಲ್ಲಿ ಕಾಣಿಸಿಕೊಳ್ಳುವ ಮಾತೇ ಇಲ್ಲ.

ಧೂಳಿನ ವಿಚಾರದಲ್ಲಿ ಒಂದು ಸುಲಭ ಲೆಕ್ಕವಿದೆ. ವ್ಯೂಫೈಂಡರಿನಲ್ಲಿ ಚೂಪಾಗಿ ಕಂಡು ಚಿತ್ರದಲ್ಲಿ ಕಾಣದ ಚುಕ್ಕೆ ಪರದೆಯ ಮೇಲಿನದು. ಕನ್ನಡಿಯ ಮೇಲಿನ ಧೂಳು ಪರದೆಯಿಂದ ದೂರವಿರುವುದರಿಂದ ಸಾಮಾನ್ಯವಾಗಿ ಕಣ್ಣಿಗೂ ಕಾಣದೆ ಕರಗಿಹೋಗುತ್ತದೆ. ವ್ಯೂಫೈಂಡರಿನಲ್ಲಿ ಕಾಣದೆ, ಪ್ರತಿ ಚಿತ್ರದಲ್ಲೂ ಅದೇ ಜಾಗದಲ್ಲಿ ಬೂದು ಬೊಟ್ಟಾಗಿ ಬೀಳುವುದು ಸೆನ್ಸರಿನ ಧೂಳು. ಹೆಚ್ಚು ಗಾಬರಿ ಹುಟ್ಟಿಸುವ ಧೂಳೇ ಚಿತ್ರಕ್ಕೆ ಏನೂ ಮಾಡದ ಧೂಳು.

ಹಾಗಿದ್ದರೂ ಒರೆಸಿದರೆ ತಪ್ಪೇನು ಎಂದು ಕೇಳಬಹುದು. ಇದಕ್ಕೆ ಉತ್ತರ ಕೇರಳದ ಆರನ್ಮುಳ ಎಂಬ ಊರಿನಲ್ಲಿದೆ. ಅಲ್ಲಿ ಇಂದಿಗೂ ತಾಮ್ರ ಮತ್ತು ತವರದ ಮಿಶ್ರಲೋಹವನ್ನು ಎರಕ ಹೊಯ್ದು, ತಿಕ್ಕಿ ಹೊಳಪಿಸಿ ಕನ್ನಡಿ ಮಾಡುತ್ತಾರೆ. ಅದರ ಮೇಲೆ ಬೆರಳ ತುದಿ ಇಟ್ಟರೆ ಬೆರಳೂ ಬಿಂಬವೂ ಒಂದಕ್ಕೊಂದು ತಾಗುತ್ತವೆ. ಮನೆಯ ಗಾಜಿನ ಕನ್ನಡಿಯ ಮೇಲೆ ಬೆರಳಿಟ್ಟರೆ ನಡುವೆ ಸಂದು ಕಾಣುತ್ತದೆ. ಗಾಜಿನ ಕನ್ನಡಿಯ ಲೇಪ ಇರುವುದು ಹಿಂಬದಿಯಲ್ಲಿ, ನಾವು ಒರೆಸುವುದು ಬರಿಯ ಗಾಜನ್ನು. ಆರನ್ಮುಳದ ಕನ್ನಡಿಯಲ್ಲಿ ಬಿಂಬ ಕೊಡುವುದು ಲೋಹದ ಮೇಲ್ಮೈಯೇ. ಗಾಜಿನ ಕನ್ನಡಿ ಬರುವ ಮುಂಚೆ ಬಳಕೆಯಲ್ಲಿದ್ದುದು ಲೋಹದ ಕನ್ನಡಿ. ಬೇಲೂರಿನ ದರ್ಪಣ ಸುಂದರಿ ಅಂಥ ಕಾಲದವಳು.

ಕ್ಯಾಮೆರಾದ ಕನ್ನಡಿ ಈ ವಿಷಯದಲ್ಲಿ ಆರನ್ಮುಳದ ಸಂಬಂಧಿ. ಅದು ಗಾಜೇ ಆದರೂ ಹೊಳೆಯುವ ಲೇಪ ಮುಂಬದಿಯಲ್ಲಿದೆ. ಲೇಪ ಹಿಂದಿದ್ದರೆ ಗಾಜಿನ ಮುಂಭಾಗವೂ ಒಂದಿಷ್ಟು ಬೆಳಕನ್ನು ಹಿಂತಿರುಗಿಸಿ ಜೋಡಿಬಿಂಬ ಮೂಡುತ್ತದೆ. ತಲೆ ಬಾಚಿಕೊಳ್ಳುವವರಿಗೆ ಅದು ಲೆಕ್ಕಕ್ಕಿಲ್ಲ, ಸೂಕ್ಷ್ಮವಾಗಿ ಫೋಕಸ್ ಮಾಡುವವರಿಗೆ ಅದು ತೊಂದರೆಯೇ. ದೂರದರ್ಶಕಗಳಿಗಾಗಿ ಗಾಜಿನ ಮುಂಬದಿಗೆ ಬೆಳ್ಳಿ ಲೇಪಿಸುವ ಕ್ರಮವನ್ನು ಫ್ರಾನ್ಸಿನ ಲೆಯೋನ್ ಫೂಕೋ 1857ರಲ್ಲೇ ತೋರಿಸಿಕೊಟ್ಟಿದ್ದ. ಆದರೆ ಆರನ್ಮುಳದ ಕನ್ನಡಿಯಲ್ಲಿ ಲೋಹ ದಪ್ಪವಾಗಿದೆ, ಮಂಕಾದರೆ ಮತ್ತೆ ತಿಕ್ಕಬಹುದು. ಕ್ಯಾಮೆರಾದ ಲೇಪ ಕೂದಲಿಗಿಂತ ಎಷ್ಟೋ ಪಾಲು ತೆಳು. ಮೆತ್ತನೆಯ ಬಟ್ಟೆಯೂ ಅದರ ಮೇಲಿನ ಮರಳಿನ ಕಣವನ್ನು ಎಳೆದಾಡಿ ಗೀರು ಹಾಕುತ್ತದೆ. ದೊಡ್ಡ ದೂರದರ್ಶಕಗಳ ಕನ್ನಡಿಗೆ ಹಲವು ವರ್ಷಕ್ಕೊಮ್ಮೆ ಹಳೆಯ ಲೇಪ ತೆಗೆದು ಹೊಸದು ಹಾಕುತ್ತಾರೆ. ಬೀರುವಿನ ಕ್ಯಾಮೆರಾಕ್ಕೆ ಆ ಭಾಗ್ಯವಿಲ್ಲ.

ಹಾಗಾದರೆ ಶುಚಿ ಮಾಡುವುದು ಹೇಗೆ? ಲೆನ್ಸ್ ಕಳಚಿ, ಕ್ಯಾಮೆರಾದ ಬಾಯಿ ಕೆಳಮುಖ ಮಾಡಿ, ರಬ್ಬರ್ ಬುರುಡೆಯ ಬ್ಲೋವರಿನಿಂದ ಗಾಳಿ ಹಾಯಿಸಬೇಕು. ಮೂತಿ ಯಾವುದಕ್ಕೂ ತಾಗಬಾರದು. ಬಾಯಿಂದ ಊದಿದರೆ ಎಂಜಲಿನ ಹನಿ ಬೀಳುತ್ತದೆ, ಡಬ್ಬಿಯ ಒತ್ತಡದ ಗಾಳಿಯಲ್ಲಿ ದ್ರವ ಚಿಮ್ಮುತ್ತದೆ. ಮೇಲಿನ ಪರದೆ ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನದು, ಅದರ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ನವಿರಾದ ಕೆತ್ತನೆಯಿದೆ. ಬೆರಳು ತಾಗಿದರೆ ಜಿಡ್ಡು ಅಂಟುತ್ತದೆ, ಸ್ಪಿರಿಟ್ ಹಚ್ಚಿದರೆ ಪರದೆಯೇ ಕೆಡಬಹುದು. ಗಾಳಿಗೆ ಹೋಗದ ಚುಕ್ಕೆಯನ್ನು ಹಾಗೇ ಬಿಡುವುದು ಲೇಸು. ಜಿಡ್ಡಿನ ಗುರುತಿದ್ದರೆ ಅದು ರಿಪೇರಿ ಬಲ್ಲವರ ಕೆಲಸ. ಸೆನ್ಸರಿಗೂ ಗಾಳಿ ಹಾಯಿಸಬೇಕಾದರೆ ಮೆನುವಿನಲ್ಲಿರುವ ಸೌಲಭ್ಯದಿಂದ ಕನ್ನಡಿಯನ್ನು ಮೇಲೆತ್ತಿ ನಿಲ್ಲಿಸಬೇಕು. ಆಗ ಬ್ಯಾಟರಿ ತುಂಬಿರಬೇಕು. ನಡುವೆ ಅದು ಮುಗಿದರೆ ಷಟರೂ ಕನ್ನಡಿಯೂ ಒಳಗಿಟ್ಟ ಸಲಕರಣೆಯ ಮೇಲೆಯೇ ಬಂದು ಬೀಳಬಹುದು.

ಇನ್ನು ಕೆಲವರು ಶುಚಿಗೆ ನಿಲ್ಲದೆ ಪರದೆಯನ್ನೇ ಬದಲಿಸುತ್ತಾರೆ. ಅದಕ್ಕೆ ಕಾರಣವಿದೆ. ಕೈಯಿಂದ ಫೋಕಸ್ ಮಾಡುವ ಕಾಲದ ಪರದೆಗಳ ನಡುವೆ ಒಂದು ವೃತ್ತವಿರುತ್ತಿತ್ತು. ಫೋಕಸ್ ತಪ್ಪಿದ್ದರೆ ಅದರಲ್ಲಿ ಬಿಂಬ ಎರಡು ತುಂಡಾಗಿ ಕಾಣುತ್ತಿತ್ತು, ಸರಿಯಾದಾಗ ಕೂಡಿಕೊಳ್ಳುತ್ತಿತ್ತು. 1985ರ ಮಿನೋಲ್ಟಾ 7000ದ ನಂತರ ಫೋಕಸ್ ಕೆಲಸವನ್ನು ಕ್ಯಾಮೆರಾವೇ ವಹಿಸಿಕೊಳ್ಳತೊಡಗಿತು. ಪರದೆಗಳನ್ನು ಹೆಚ್ಚು ಬೆಳಕಾಗಿ ಕಾಣುವಂತೆ ನವಿರುಗೊಳಿಸಿದರು. ಅವು ಬೆಳಗುತ್ತವೆ ನಿಜ, ಆದರೆ ದೊಡ್ಡ ಬಾಯಿಯ ಲೆನ್ಸ್ ಹಾಕಿದಾಗ ಮಸುಕು ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು ಪ್ರಾಮಾಣಿಕವಾಗಿ ತೋರಿಸುವುದಿಲ್ಲ. ಹಳೆಯ ಲೆನ್ಸುಗಳನ್ನು ಡಿಜಿಟಲ್ ಕ್ಯಾಮೆರಾಕ್ಕೆ ಜೋಡಿಸುವವರಿಗೆ ಇದು ದೊಡ್ಡ ಕೊರತೆ. 2005ರ ಕೆನಾನ್ 5ಡಿಯಲ್ಲಿ ಬಳಸುವವರೇ ಪರದೆ ಬದಲಿಸಿಕೊಳ್ಳುವ ಅನುಕೂಲವಿತ್ತು. ಅದಿಲ್ಲದ ಕ್ಯಾಮೆರಾಗಳಿಗೆ ಹವ್ಯಾಸಿಗಳು ಹಳೆಯ ಫಿಲ್ಮ್ ಕ್ಯಾಮೆರಾದ ಪರದೆಯನ್ನು ಅಳತೆಗೆ ಕತ್ತರಿಸಿ ಕೂರಿಸಿದ್ದುಂಟು.

ಇಲ್ಲಿ ಎಚ್ಚರ ಬೇಕಾದುದು ಅಳತೆಯಲ್ಲಿ. ಲೆನ್ಸಿನಿಂದ ಕನ್ನಡಿಯ ಮೂಲಕ ಪರದೆಗಿರುವ ದೂರವೂ, ಲೆನ್ಸಿನಿಂದ ನೇರ ಸೆನ್ಸರಿಗಿರುವ ದೂರವೂ ಸಮನಾಗಿರಬೇಕು. ಕಾಗದದ ದಪ್ಪದಷ್ಟು ವ್ಯತ್ಯಾಸ ಬಂದರೂ ಸಾಕು, ಕಣ್ಣ ರೆಪ್ಪೆಗೆ ಫೋಕಸ್ ಮಾಡಿದರೆ ಚಿತ್ರದಲ್ಲಿ ಚೂಪಾಗಿ ಬರುವುದು ಕಿವಿ. ಪರೀಕ್ಷೆ ಸುಲಭ. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲಿಟ್ಟು, ಮೇಜಿನ ಮೇಲೆ ಅಳತೆಪಟ್ಟಿಯನ್ನು ಉದ್ದಕ್ಕೆ ಹಾಸಿ, ಓರೆಯಿಂದ ನೋಡುತ್ತ ಒಂದು ಅಂಕಿಗೆ ಕೈಯಿಂದ ಫೋಕಸ್ ಮಾಡಬೇಕು. ಚಿತ್ರದಲ್ಲಿ ಅದೇ ಅಂಕಿ ಚೂಪಾಗಿದ್ದರೆ ಸರಿ, ಇಲ್ಲದಿದ್ದರೆ ಪರದೆಯ ಬದಿಯ ತೆಳು ಬಿಲ್ಲೆಗಳನ್ನು ಹೆಚ್ಚು ಕಡಿಮೆ ಮಾಡಬೇಕು. ಪರದೆ ಬದಲಾದರೆ ಬೆಳಕಿನ ಮಾಪನವೂ ತಪ್ಪಬಹುದು, ಏಕೆಂದರೆ ಇಂಥ ಕ್ಯಾಮೆರಾಗಳಲ್ಲಿ ಹೆಚ್ಚಿನವು ಬೆಳಕನ್ನು ಅಳೆಯುವುದು ಪರದೆಯ ಮೇಲೆ ಬಿದ್ದ ಬಿಂಬದಿಂದಲೇ.

ಕಣ್ಣಿಗೆ ಕಂಡದ್ದೇ ಚಿತ್ರದಲ್ಲಿ ಬೀಳುತ್ತದೆ ಎಂಬ ಭರವಸೆಗಾಗಿಯೇ ಕನ್ನಡಿಯನ್ನು ಕ್ಯಾಮೆರಾದೊಳಗೆ ತಂದದ್ದು. ಒರೆಸುವ ಕೈಯಾಗಲಿ ತಿದ್ದುವ ಕೈಯಾಗಲಿ ಅವಸರಪಟ್ಟರೆ ಮುರಿಯುವುದು ಆ ಭರವಸೆ. ಹಳೆಯ ಕ್ಯಾಮೆರಾ ಕೈಗೆ ಬಂದಾಗ ಮೊದಲು ಅಪರ್ಚರನ್ನು ಎಫ್ 16ಕ್ಕೆ ಕಿರಿದುಮಾಡಿ ತಿಳಿಯಾದ ಆಕಾಶದ ಒಂದು ಚಿತ್ರ ತೆಗೆದು ನೋಡಿ. ಬೊಟ್ಟುಗಳಿಲ್ಲದಿದ್ದರೆ ವ್ಯೂಫೈಂಡರಿನ ಚುಕ್ಕೆಗಳನ್ನು ಮರೆತು, ಲೆನ್ಸ್ ಹಾಕಿಕೊಂಡು ಚಿತ್ರ ತೆಗೆಯಲು ಹೊರಡಬಹುದು.