ಮಕ್ಕಳು ತಮ್ಮ ಅನುಭವ ತಾವೇ ಬರೆಯಲಿ

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ನಿವೃತ್ತ ಕನ್ನಡ ಅಧ್ಯಾಪಕಿಯೊಬ್ಬರು ಆಡಿದ ಮಾತುಗಳ ಬರಹರೂಪ)

ಸಂಘದ ಅಕ್ಕ ತಂಗಿಯರೇ,

ಮಕ್ಕಳ ಬರವಣಿಗೆ ಬಗ್ಗೆ ಮಾತಾಡಿ ಎಂದು ನೀವು ಕೇಳಿದಾಗ ನನಗೆ ನೆನಪಾದದ್ದು ನಾನೇ ಮಾಡಿದ ಒಂದು ತಪ್ಪು. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ನಾನು ಕೆಲಸಕ್ಕೆ ಸೇರಿದ ಹೊಸತು. ಪಿಯುಸಿ ಹುಡುಗಿಯರಿಗೆ 'ನನ್ನ ಜೀವನದ ಮರೆಯಲಾಗದ ಘಟನೆ' ಎಂಬ ಪ್ರಬಂಧ ಕೊಟ್ಟಿದ್ದೆ. ಹೆಚ್ಚಿನವರು ಗೈಡಿನಲ್ಲಿದ್ದ ಪ್ರವಾಸದ ಪ್ರಬಂಧವನ್ನೇ ಇಳಿಸಿದ್ದರು. ಜೋಗ ನೋಡದವರೂ ಜೋಗ ನೋಡಿ ಪುಳಕಿತರಾಗಿದ್ದರು! ಒಬ್ಬಳು ಮಾತ್ರ ಬೇರೆ ಬರೆದಿದ್ದಳು. ಉಳಿದ ವರದಕ್ಷಿಣೆ ತಾ ಎಂದು ಹೊಡೆತ ತಿಂದ ಅವಳ ಅಕ್ಕ ರಾತ್ರಿ ಹೊತ್ತಿನಲ್ಲಿ ತವರಿಗೆ ಓಡಿಬಂದದ್ದು, ಬೆಳಗಾದೊಡನೆ ಅಪ್ಪ ಅವಳನ್ನು ಬಸ್ಸು ಹತ್ತಿಸಿ ವಾಪಸು ಕಳಿಸಿದ್ದು. 'ಅಕ್ಕ' ಎನ್ನುವುದನ್ನು ಎಲ್ಲ ಕಡೆಯೂ 'ಹಕ್ಕ' ಎಂದು ಬರೆದಿದ್ದಳು. ನಾನು ಮಾಡಿದ್ದೇನು ಗೊತ್ತೇ? ಅಷ್ಟೂ 'ಹಕ್ಕ'ಗಳಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಹತ್ತಕ್ಕೆ ನಾಲ್ಕು ಅಂಕ ಕೊಟ್ಟು ಪುಸ್ತಕ ಹಿಂದಿರುಗಿಸಿದೆ. ಮುಂದಿನ ಪ್ರಬಂಧವನ್ನು ಅವಳೂ ಗೈಡಿನಿಂದಲೇ ಬರೆದಳು. ಒಂದೂ ತಪ್ಪಿರಲಿಲ್ಲ. ಅವಳ ಅಕ್ಕ ಏನಾದಳೆಂದು ನಾನು ಕೇಳಲಿಲ್ಲ. ಇವತ್ತಿಗೂ ನನಗೆ ಗೊತ್ತಿಲ್ಲ.

ಮಗು ತಾನು ಕಂಡದ್ದನ್ನು ಬರೆಯುವುದು ಸಣ್ಣ ವಿಷಯವಲ್ಲ. ಪುಣೆಯಲ್ಲಿ ಫುಲೆ ದಂಪತಿಗಳ ಶಾಲೆಯಲ್ಲಿ ಓದುತ್ತಿದ್ದ ಮಾಂಗ್ ಜಾತಿಯ ಹುಡುಗಿ ಮುಕ್ತಾ ಸಾಳ್ವೆ, ತನ್ನ ಜನರ ದುಃಖದ ಬಗ್ಗೆ ಒಂದು ಪ್ರಬಂಧ ಬರೆದಳು. 1855ರಲ್ಲಿ 'ಜ್ಞಾನೋದಯ' ಎಂಬ ಮರಾಠಿ ಪತ್ರಿಕೆ ಅದನ್ನು ಅಚ್ಚು ಹಾಕಿತು. ತಲೆಯ ಮೇಲೆ ಸೂರಿಲ್ಲದೆ ಮಳೆ ಚಳಿಯಲ್ಲಿ ಹೆರುವ ಹೆಂಗಸರ ಸಂಕಟ ಅದರಲ್ಲಿದೆ. ಅದು ಯಾವ ಗೈಡಿನಲ್ಲಿತ್ತು? ಕಣ್ಣಾರೆ ಕಂಡದ್ದನ್ನು ಅವಳು ಬರೆದಳು. ಅದನ್ನು ಇಂದಿಗೂ ಓದುತ್ತಾರೆ.

'ನಮಗೇ ಸರಿಯಾಗಿ ಓದು ಬರಹ ಬಾರದು, ಮಕ್ಕಳಿಗೇನು ಹೇಳಿಕೊಡೋಣ' ಎನ್ನಬೇಡಿ. ಬರೆಯುವುದಕ್ಕೆ ಮುಂಚಿನ ಕೆಲಸಕ್ಕೆ ಅಕ್ಷರ ಬೇಡ, ಕೇಳುವ ಕಿವಿ ಬೇಕು. ಸಂಘದಲ್ಲಿ ಸಾಲ ಕೊಡುವ ಮುಂಚೆ ಯಾತಕ್ಕೆ, ಎಷ್ಟು, ಹೇಗೆ ತೀರಿಸುತ್ತೀ ಎಂದು ಕೂತು ಮಾತಾಡುತ್ತೀರಲ್ಲ, ಇದೂ ಹಾಗೆಯೇ.

ಮೊದಲು, ಒಂದು ಸಣ್ಣ ಸಂಗತಿ ಆರಿಸಿಕೊಳ್ಳಲಿ. 'ನನ್ನ ಅಜ್ಜಿ' ಎಂದರೆ ಮಗುವಿಗೆ ಏನು ಬರೆಯಲೂ ತೋಚುವುದಿಲ್ಲ. 'ಅಜ್ಜಿ ನನ್ನ ಜೊತೆ ಜಗಳವಾಡಿದ ದಿನ' ಎಂದರೆ ಮಾತು ತಾನಾಗಿ ಬರುತ್ತದೆ.

ಎರಡನೆಯದು, ಬರೆಯುವ ಮುಂಚೆ ಬಾಯಲ್ಲಿ ಹೇಳಲಿ. ನೀವು ಸೊಪ್ಪು ಬಿಡಿಸುತ್ತಲೇ ಕೇಳಬಹುದು. ನಡುವೆ ಬಾಯಿ ಹಾಕಬೇಡಿ. 'ಆಮೇಲೆ?' ಎಂದರೆ ಸಾಕು.

ಮೂರನೆಯದು, ಹೇಳಿದ್ದನ್ನು ಐದು ಬೆರಳಿನಲ್ಲಿ ಎಣಿಸಲಿ. ಮನೆಯ ಮೇಕೆ ಮಾರಿದ ದಿನದ ಕತೆ ಎಂದಿಟ್ಟುಕೊಳ್ಳಿ. ಹೆಬ್ಬೆರಳು: ಯಾರು, ಎಲ್ಲಿ, ಯಾವಾಗ. ತೋರುಬೆರಳು: ಹೇಗೆ ಶುರುವಾಯಿತು? ಬೆಳಿಗ್ಗೆ ವ್ಯಾಪಾರಿ ಬಂದ. ನಡುಬೆರಳು ಎಲ್ಲಕ್ಕಿಂತ ಉದ್ದ, ಮುಖ್ಯ ಗಳಿಗೆ ಅಲ್ಲಿ ಬರಬೇಕು: ಹಗ್ಗ ಕೈ ಬದಲಾಯಿತು, ಮೇಕೆ ತಿರುಗಿ ನೋಡಿತು. ಹೆಚ್ಚು ಸಾಲು ಇದಕ್ಕೇ ಇರಲಿ. ಉಂಗುರದ ಬೆರಳು: ಆಗ ನಿನಗೆ ಏನಾಯಿತು? ಕಿರುಬೆರಳು: ಕೊನೆಗೇನಾಯಿತು, ಈಗ ನೆನೆದರೆ ಏನನ್ನಿಸುತ್ತದೆ? ಒಂದೊಂದು ಬೆರಳಿಗೆ ಒಂದೊಂದು ಮಾತು ಗುರುತು ಹಾಕಿಕೊಂಡರೆ ಬರೆಯುವ ದಾರಿ ಸಿದ್ಧ.

ಉಂಗುರದ ಬೆರಳಿನಲ್ಲಿ ಮಕ್ಕಳು ತಡವರಿಸುತ್ತಾರೆ. 'ದುಃಖವಾಯಿತು' ಎಂದು ಮುಗಿಸಿಬಿಡುತ್ತಾರೆ. ಆಗ ಮೈಯನ್ನು ಕೇಳಿ: ಗಂಟಲು ಕಟ್ಟಿತೇ? ಎದೆ ಢವಢವ ಎಂದಿತೇ? ಊಟ ಸೇರಿತೇ? ಸಿಟ್ಟೂ ಬಂತೇ? ಉತ್ತರವನ್ನು ನೀವು ಹೇಳಿಕೊಡಬೇಡಿ. 'ಮೇಕೆ ಮಾರಿದ್ದಕ್ಕೆಲ್ಲಾ ಅಳ್ತಾರಾ' ಎನ್ನಲೂ ಬೇಡಿ. ಗಂಡುಮಕ್ಕಳಿಗಂತೂ ಖಂಡಿತ ಬೇಡ. ಅಳಬಾರದು ಎಂದು ಕಲಿತ ಹುಡುಗ ಮುಂದೆ ಸಿಟ್ಟೊಂದನ್ನೇ ತೋರಿಸುವ ಗಂಡಸಾಗಬಹುದು.

ಕೊನೆಯಲ್ಲಿ 'ಆದ್ದರಿಂದ ನಾವೆಲ್ಲರೂ' ಎಂಬ ನೀತಿಪಾಠವೂ ಬೇಡ. ಕಾಗುಣಿತ ತಿದ್ದುವುದು ಎಲ್ಲಕ್ಕಿಂತ ಕೊನೆಗೆ, ಅದೂ ಹೇಳಿದ್ದನ್ನು ಮನಸ್ಸಿಟ್ಟು ಓದಿದ ಮೇಲೆ.

ಇನ್ನು ಕಷ್ಟದ ಮಾತು. ಮಗು ಮೇಕೆಯ ಬಗ್ಗೆ ಬರೆಯದೆ, ಅಪ್ಪ ಅಮ್ಮನನ್ನು ಹೊಡೆದ ರಾತ್ರಿಯ ಬಗ್ಗೆ ಬರೆದರೆ? ಓದಿದ ತಾಯಿಗೆ ಮೊದಲು ನಾಚಿಕೆಯಾಗುತ್ತದೆ. 'ಮನೆ ಮರ್ಯಾದೆ ಬೀದಿಗೆ ಹಾಕ್ತೀಯಾ' ಎಂದು ಹಾಳೆ ಹರಿಯಬೇಕು ಅನ್ನಿಸುತ್ತದೆ. ಹರಿಯಬೇಡಿ, ತಂಗೀ. ಮಗು ಮಲಗಿತ್ತು, ಅದಕ್ಕೆ ಗೊತ್ತಾಗಲಿಲ್ಲ ಎಂದುಕೊಂಡಿದ್ದೆವು. ಅದು ಎಚ್ಚರವಾಗಿತ್ತು ಎಂದು ಆ ಹಾಳೆ ಹೇಳುತ್ತಿದೆ. 'ನೀನು ಬರೆದದ್ದು ನಿಜ, ಇದರಲ್ಲಿ ನಿನ್ನ ತಪ್ಪೇನೂ ಇಲ್ಲ' ಎಂದು ಹತ್ತಿರ ಕೂರಿಸಿಕೊಂಡು ಹೇಳಿ. ಆ ಹಾಳೆ ಮಗುವಿನದು. ಅದನ್ನು ಕೇಳದೆ ಯಾರಿಗೂ ತೋರಿಸಬೇಡಿ. ಬರೆಯಲು ಮನಸ್ಸಿಲ್ಲದ ಮಗುವನ್ನು ಬರೆ ಎಂದು ಬಲವಂತ ಮಾಡಬೇಡಿ.

ಆದರೆ ಮಗುವಿಗೇ ಯಾರಾದರೂ ಹೊಡೆಯುತ್ತಿದ್ದಾರೆ, ಕೆಟ್ಟದಾಗಿ ಮುಟ್ಟುತ್ತಿದ್ದಾರೆ ಎಂದು ಬರಹದಿಂದ ಗೊತ್ತಾದರೆ ಗುಟ್ಟು ಮಾಡಿ ಕೂರಬಾರದು. ನಿನ್ನನ್ನು ಕಾಪಾಡುವುದಕ್ಕೆ ಇದನ್ನು ಹೇಳಲೇಬೇಕು ಎಂದು ಮಗುವಿಗೆ ತಿಳಿಸಿ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ನಿಮಗೇ ಹೊಡೆತ ಬೀಳುತ್ತಿದ್ದರೆ ಮಹಿಳಾ ಸಹಾಯವಾಣಿ 181 ಇದೆ, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇದೆ, ಪಕ್ಕದಲ್ಲಿ ಕೂತಿರುವ ಈ ಸಂಘದ ಹೆಂಗಸರಿದ್ದಾರೆ.

ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಮನೆಯ ಒಂದು ಮಗುವಿನ ಹತ್ತಿರ ಕೂತು, ಐದು ಬೆರಳು ಹಿಡಿದು, ಒಂದು ಸಂಗತಿ ಕೇಳಿ. ಅಂದು ನಾನು ಕೇಳಬೇಕಾಗಿದ್ದ ಪ್ರಶ್ನೆಯನ್ನು ನೀವಾದರೂ ಕೇಳಿ: 'ಆಮೇಲೆ ಏನಾಯಿತು, ಮಗಾ?'